ಕಿರುತಿಮಿಂಗಿಲಗಳು ಮತ್ತು ಕಡಲಹಂದಿಗಳು

ತಿಮಿಂಗಿಲ, ಡಾಲ್ಫಿನ್, ಕಡಲಹಂದಿ ಮೂರೂ ಒಂದೇ ಗಣಕ್ಕೆ ಸೇರಿದ ಸಸ್ತನಿಗಳು. ನೀರಿನಲ್ಲೇ ಹುಟ್ಟಿ, ತಾಯಿಯ ಹಾಲು ಕುಡಿದು ಬೆಳೆಯುವ ಇವು ಉಸಿರಿಗಾಗಿ ಮಾತ್ರ ಮೇಲೆ ಬರುತ್ತವೆ. ಈ ಗಣದಲ್ಲಿ ಇಂದು ಬದುಕಿರುವ ಪ್ರಭೇದಗಳು ತೊಂಬತ್ತರಷ್ಟಿವೆ. ಒಂದು ತುದಿಯಲ್ಲಿ 30 ಮೀಟರ್ ಉದ್ದಕ್ಕೆ ಬೆಳೆಯಬಲ್ಲ ನೀಲಿ ತಿಮಿಂಗಿಲವಿದ್ದರೆ ಇನ್ನೊಂದು ತುದಿಯಲ್ಲಿ ಒಂದೂವರೆ ಮೀಟರ್ ಆಸುಪಾಸಿನ ಕಡಲಹಂದಿಗಳಿವೆ. ಇವುಗಳಲ್ಲಿ ಒಂದು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ತೀರಕ್ಕೆ ಅಂಟಿಕೊಂಡೇ ಬದುಕುತ್ತಿದೆ. ನಮ್ಮ ಕಡಲಿನ ಬಗ್ಗೆ ಬರೆದ ಪಠ್ಯಗಳಲ್ಲಿ ಇದಕ್ಕೆ ಸಿಕ್ಕಿರುವ ಜಾಗ ತೀರ ಕಡಿಮೆ.

ಗಣದಲ್ಲಿ ಎರಡು ದೊಡ್ಡ ಪಂಗಡಗಳಿವೆ. ಹಲ್ಲಿನ ಬದಲು ಬಾಯಲ್ಲಿ ಜಾಲರಿಯಂಥ ಪಟ್ಟಿಗಳಿದ್ದು, ನೀರು ಸೋಸಿ ಆಹಾರ ಹಿಡಿಯುವ ತಿಮಿಂಗಿಲಗಳದು ಒಂದು ಪಂಗಡ. ಅವುಗಳಲ್ಲಿ ಅತಿ ಚಿಕ್ಕದಾದ ಕುಬ್ಜ ರೈಟ್ ತಿಮಿಂಗಿಲವೂ ಆರು ಮೀಟರಿಗಿಂತ ಉದ್ದ. ಅದು ದಕ್ಷಿಣಾರ್ಧ ಗೋಳದ ತಣ್ಣನೆಯ ಕಡಲುಗಳದು, ನಮ್ಮ ಕಡೆ ಬರುವುದಿಲ್ಲ. ಹಲ್ಲಿರುವ ಪಂಗಡದಲ್ಲೇ ನಿಜವಾದ ಕಿರಿಯರಿದ್ದಾರೆ. ತಿಮಿಂಗಿಲವೆಂದೇ ಹೆಸರು ಹೊತ್ತವುಗಳಲ್ಲಿ ಕಿರಿದು ಕುಬ್ಜ ಸ್ಪರ್ಮ್ ತಿಮಿಂಗಿಲ, ಉದ್ದ ಹೆಚ್ಚೆಂದರೆ 2.7 ಮೀಟರ್. ಡಾಲ್ಫಿನ್‌ಗಳಲ್ಲಿ ನ್ಯೂಜಿಲೆಂಡಿನ ಹೆಕ್ಟರ್ ಡಾಲ್ಫಿನ್, ಕಡಲಹಂದಿಗಳಲ್ಲಿ ಮೆಕ್ಸಿಕೊದ ವಾಕೀಟಾ ಅತಿ ಚಿಕ್ಕವು. ಒಟ್ಟು ಗಣದಲ್ಲೇ ಅತಿ ಕಿರಿಯದು ಯಾವುದೆಂದು ಕೇಳಿದರೆ ಉತ್ತರ ಸಾಮಾನ್ಯವಾಗಿ ವಾಕೀಟಾ.

ಡಾಲ್ಫಿನ್ ಮತ್ತು ಕಡಲಹಂದಿಯನ್ನು ಬೇರ್ಪಡಿಸಲು ಬಾಯಿ ತೆರೆದು ನೋಡಬೇಕು. ಡಾಲ್ಫಿನ್ನಿನ ಹಲ್ಲು ಶಂಕುವಿನಂತೆ ಮೊನಚು. ಕಡಲಹಂದಿಯ ಹಲ್ಲು ತುದಿಯಲ್ಲಿ ಚಪ್ಪಟೆಯಾಗಿ, ಸಣ್ಣ ಗುದ್ದಲಿಯ ಅಲಗಿನಂತೆ ಅಗಲವಾಗಿರುತ್ತದೆ. ಕಡಲಹಂದಿಗೆ ಮುಂಚಾಚಿದ ಕೊಕ್ಕಿಲ್ಲ, ತಲೆ ಉರುಟು. ನೀರಿನಿಂದ ಮೇಲಕ್ಕೆ ಹಾರಿ ಕುಣಿಯುವ ಅಭ್ಯಾಸವೂ ಇದಕ್ಕೆ ಕಡಿಮೆ. ಹಾಗಾಗಿಯೇ ದೋಣಿಯಲ್ಲಿ ಹೋಗುವವರು ದಿನವೂ ಡಾಲ್ಫಿನ್ ಕಂಡರೂ ಪಕ್ಕದಲ್ಲೇ ಇರುವ ಕಡಲಹಂದಿಯನ್ನು ಕಾಣದೆ ಹೋಗುತ್ತಾರೆ.

ದೇಹ ಚಿಕ್ಕದಾಗಿರುವುದು ಕಡಲಿನ ಸಸ್ತನಿಗೆ ಸುಲಭದ ಬದುಕಲ್ಲ. ನೀರು ಗಾಳಿಗಿಂತ ಬಹಳ ಬೇಗ ಮೈಶಾಖವನ್ನು ಎಳೆದುಕೊಳ್ಳುತ್ತದೆ. ದೇಹ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಶಾಖದ ನಷ್ಟವೂ ಹೆಚ್ಚು. ದೊಡ್ಡ ತಿಮಿಂಗಿಲ ತಿಂಗಳುಗಟ್ಟಲೆ ಉಪವಾಸವಿದ್ದು ಸಾವಿರಾರು ಕಿಲೋಮೀಟರ್ ವಲಸೆ ಹೋಗಬಲ್ಲದು. ಕಡಲಹಂದಿಗೆ ಅದು ಸಾಧ್ಯವಿಲ್ಲ. ಡೆನ್ಮಾರ್ಕಿನಲ್ಲಿ ಬಂದರು ಕಡಲಹಂದಿಗಳ ಮೈಗೆ ಧ್ವನಿ ದಾಖಲಿಸುವ ಪುಟ್ಟ ಉಪಕರಣ ಅಂಟಿಸಿ ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅವು ಗಂಟೆಗೆ 550ರವರೆಗೆ ಸಣ್ಣ ಮೀನುಗಳನ್ನು ಬೆನ್ನಟ್ಟುತ್ತಿದ್ದವು, ಹತ್ತರಲ್ಲಿ ಒಂಬತ್ತು ಸಲ ಗುರಿ ತಪ್ಪುತ್ತಿರಲಿಲ್ಲ. ಹಗಲು ರಾತ್ರಿ ಎನ್ನದೆ ಬೇಟೆಯಾಡುವ ಪ್ರಾಣಿಗೆ ಮೀನು ಹೇರಳವಾಗಿರುವ ನೀರೇ ಬೇಕು. ಮೀನು ಹೇರಳವಾಗಿರುವಲ್ಲಿ ಬಲೆಯೂ ಇರುತ್ತದೆ. ಈ ಜೀವಿಗಳ ಎಲ್ಲ ಸಂಕಟದ ಬೇರು ಇಲ್ಲಿದೆ.

ತಿಮಿಂಗಿಲಗಳ ಪೂರ್ವಜರೂ ಚಿಕ್ಕವರೇ, ಅವರ ಎಲುಬುಗಳು ಸಿಕ್ಕಿದ್ದು ಹೆಚ್ಚಾಗಿ ಭಾರತ, ಪಾಕಿಸ್ತಾನಗಳ ಬಂಡೆಗಳಲ್ಲಿ. ಜಮ್ಮು-ಕಾಶ್ಮೀರದ ಕಾಲಾಕೋಟ್ ಬಳಿ ಭೂವಿಜ್ಞಾನಿ ಎ. ರಂಗರಾವ್ ಸಂಗ್ರಹಿಸಿದ ಕಲ್ಲುಗಳಲ್ಲಿದ್ದ ಪ್ರಾಣಿಗೆ ಅವರು 1971ರಲ್ಲಿ ಇಂಡೋಹ್ಯೂಸ್ ಎಂದು ಹೆಸರಿಟ್ಟರು. ಅವರ ಕಾಲಾನಂತರ, ಒಡೆಯದೆ ಉಳಿದಿದ್ದ ಕಲ್ಲುಗಳನ್ನು ಅವರ ಪತ್ನಿ ಅಮೆರಿಕದ ಸಂಶೋಧಕ ಹ್ಯಾನ್ಸ್ ಥೀವಿಸೆನ್ ಅವರಿಗೆ ಒಪ್ಪಿಸಿದರು. ಕಲ್ಲಿನೊಳಗಿದ್ದ ಕಿವಿಯ ಎಲುಬಿನ ರಚನೆ ತಿಮಿಂಗಿಲಗಳದನ್ನೇ ಹೋಲುತ್ತದೆ ಎಂಬುದು 2007ರಲ್ಲಿ ಹೊರಬಂತು. ಬೆಕ್ಕಿಗಿಂತ ಹೆಚ್ಚು ದೊಡ್ಡದಲ್ಲದ, ಗೊರಸಿನ ಕಾಲಿನ ಆ ಪ್ರಾಣಿ ತಿಮಿಂಗಿಲಗಳ ಹತ್ತಿರದ ಬಂಧು. ಗುಜರಾತಿನ ಕಛ್ಛದಲ್ಲಿ ಸಿಕ್ಕಿದ ಕಛ್ಛಿಸೀಟಸ್ ಮಿನಿಮಸ್ ಎಂಬ ಪ್ರಾಚೀನ ತಿಮಿಂಗಿಲದ ಉದ್ದ ಸುಮಾರು ಎರಡೂವರೆ ಮೀಟರ್. ತಿಮಿಂಗಿಲಗಳ ಚರಿತ್ರೆಯಲ್ಲಿ ನೀಲಿ ತಿಮಿಂಗಿಲದಂಥ ದೈತ್ಯಗಾತ್ರ ಬಂದದ್ದು ಬಹಳ ತಡವಾಗಿ.

ಕುಬ್ಜ ಸ್ಪರ್ಮ್ ತಿಮಿಂಗಿಲದ ವೈಜ್ಞಾನಿಕ ಹೆಸರು ಕೋಜಿಯಾ ಸೈಮಾ. ಅದನ್ನು ಲೋಕಕ್ಕೆ ತೋರಿಸಿಕೊಟ್ಟವನ ಕಥೆ ಕನ್ನಡನಾಡಿನಿಂದ ಶುರುವಾಗುತ್ತದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದಾಗ ರಾಣಿ ಚೆನ್ನಮ್ಮನ ಪಡೆಗೆ ಇಬ್ಬರು ಬ್ರಿಟಿಷ್ ಅಧಿಕಾರಿಗಳು ಒತ್ತೆಯಾಳಾಗಿ ಸಿಕ್ಕರು. ಒಬ್ಬ ಸ್ಟೀವನ್ಸನ್, ಇನ್ನೊಬ್ಬ ವಾಲ್ಟರ್ ಎಲಿಯಟ್. ಎಲಿಯಟ್‌ಗೆ ಆಗ 21 ವರ್ಷ. ಬಿಡುಗಡೆಯಾದ ಮೇಲೆ ಅವನು ಧಾರವಾಡದ ಸೀಮೆಯಲ್ಲೇ ಉಳಿದು ಸುಮಾರು ಆರುನೂರು ಶಾಸನಗಳ ಪ್ರತಿ ಮಾಡಿಸಿದ. ಚಾಲುಕ್ಯರ ಚರಿತ್ರೆಯನ್ನು ಶಾಸನಗಳ ಆಧಾರದಲ್ಲಿ ಜೋಡಿಸುವ ಮೊದಲ ಯತ್ನಗಳಲ್ಲಿ ಅವನದೊಂದು. ಅದೇ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನು 1839ರಲ್ಲಿ ಮದರಾಸಿನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಶಾಸನ ಓದುವವರಿಗೆ ಎಲಿಯಟ್ ಗೊತ್ತು, ಪ್ರಾಣಿಶಾಸ್ತ್ರ ಓದುವವರಿಗೂ ಗೊತ್ತು. ಇಬ್ಬರೂ ಒಬ್ಬನೇ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

ಮುಂದೆ ವಿಶಾಖಪಟ್ಟಣದ ವಾಲ್ಟೇರಿನಲ್ಲಿ ಅಧಿಕಾರಿಯಾಗಿದ್ದಾಗ ಎಲಿಯಟ್ ಅಲ್ಲಿನ ಬೆಸ್ತರ ಬಲೆಗೆ ಬಿದ್ದ ಡಾಲ್ಫಿನ್, ತಿಮಿಂಗಿಲಗಳ ತಲೆಬುರುಡೆಗಳನ್ನು ಕೂಡಿಟ್ಟು ಚಿತ್ರಗಳ ಸಮೇತ ಲಂಡನ್ನಿಗೆ ಕಳಿಸಿದ. ಅವುಗಳನ್ನು ಪರಿಶೀಲಿಸಿದ ಪ್ರಾಣಿಶಾಸ್ತ್ರಜ್ಞ ರಿಚರ್ಡ್ ಓವನ್ 1866ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಕೋಜಿಯಾ ಸೈಮಾ ಮೊದಲ ಬಾರಿ ಹೆಸರು ಪಡೆಯಿತು. ಇಂದು ಚಿಲಿಕಾ ಸರೋವರದ ಹೆಮ್ಮೆಯಾಗಿರುವ ಇರಾವದಿ ಡಾಲ್ಫಿನ್ ಕೂಡ ಅದೇ ಲೇಖನದ ಕೊಡುಗೆ. ಕೋಜಿಯಾ ಸೈಮಾದ ತುಸು ದೊಡ್ಡ ದಾಯಾದಿ ಕೋಜಿಯಾ ಬ್ರೆವಿಸೆಪ್ಸ್ 1838ರಿಂದಲೇ ವಿಜ್ಞಾನಕ್ಕೆ ಗೊತ್ತಿತ್ತು. ಎರಡೂ ಒಂದೇ ಪ್ರಭೇದವೆಂದು ಬಹುಕಾಲ ಗೊಂದಲವಿದ್ದು, ಬೇರೆ ಬೇರೆ ಎಂದು ಖಚಿತವಾದದ್ದು 1966ರಲ್ಲಿ. ಒಂದು ಶತಮಾನ ಕಾಲ ಎಲಿಯಟ್‌ನ ತಿಮಿಂಗಿಲ ಪುಸ್ತಕಗಳಲ್ಲೇ ಕಳೆದುಹೋಗಿತ್ತು.

ಈ ಪ್ರಾಣಿಯ ಮೈಕಟ್ಟು ವಿಚಿತ್ರ. ಚೌಕದಂಥ ತಲೆ, ಶಾರ್ಕಿನ ಹಾಗೆ ಕೆಳಗೆ ಒಳಸೇರಿದ ಸಣ್ಣ ಬಾಯಿ. ಕಣ್ಣಿನ ಹಿಂದೆ ಕಿವಿರಿನ ಸೀಳಿನಂತೆ ಕಾಣುವ ತಿಳಿ ಬಣ್ಣದ ಗೆರೆ ಇರುವುದರಿಂದ ದಡಕ್ಕೆ ಬಿದ್ದ ಕೋಜಿಯಾವನ್ನು ಜನ ಶಾರ್ಕ್ ಎಂದೇ ಭಾವಿಸುವುದುಂಟು. ದೊಡ್ಡ ಸ್ಪರ್ಮ್ ತಿಮಿಂಗಿಲಕ್ಕಿರುವ ಮೇಣದಂಥ ಎಣ್ಣೆಯ ಅಂಗ ಇದರ ತಲೆಯಲ್ಲೂ ಇದೆ. ಅಪಾಯ ಕಂಡಾಗ ಕರುಳಿನ ಚೀಲವೊಂದರಿಂದ ಕೆಂಪುಗಂದು ದ್ರವ ಹೊರಚೆಲ್ಲಿ ನೀರನ್ನು ಕದಡಿ ಪಾರಾಗುತ್ತದೆ. ಬೊಂಡಾಸ್ (ಸ್ಕ್ವಿಡ್) ಮಸಿ ಉಗುಳುವುದನ್ನು ಕರಾವಳಿಯ ಅಡುಗೆಮನೆಗಳಲ್ಲಿ ಎಲ್ಲರೂ ಬಲ್ಲರು. ಬೊಂಡಾಸನ್ನೇ ತಿಂದು ಬದುಕುವ ಈ ತಿಮಿಂಗಿಲವೂ ಅದೇ ಉಪಾಯ ಮಾಡುತ್ತದೆ, ಬೇರೆ ಅಂಗದಿಂದ. ಆಳ ನೀರಿನ ವಾಸಿಯಾದ್ದರಿಂದ ಜೀವಂತ ಕೋಜಿಯಾ ಕಾಣಸಿಗುವುದು ಅಪರೂಪ. ಭಾರತ ಮತ್ತು ಶ್ರೀಲಂಕಾದಲ್ಲಿ ಇದರ ಬಗ್ಗೆ ತಿಳಿದಿರುವುದರಲ್ಲಿ ಹೆಚ್ಚಿನದು ದಡಕ್ಕೆ ಬಿದ್ದ ಅಥವಾ ಬಲೆಗೆ ಸಿಕ್ಕ ದೇಹಗಳಿಂದಲೇ ಬಂದದ್ದು.

ಕೋಜಿಯಾಗೂ ಕಡಲಹಂದಿಗೂ ಹತ್ತಿರದ ನೆಂಟಸ್ತನವಿಲ್ಲ. ಆದರೂ ಎರಡೂ ಒಂದೇ ಬಗೆಯ ಧ್ವನಿ ಹೊರಡಿಸುತ್ತವೆ. ಮನುಷ್ಯನ ಕಿವಿ 20 ಕಿಲೋಹರ್ಟ್ಸ್ ಮೇಲಿನದನ್ನು ಕೇಳಲಾರದು. ಇವುಗಳ ಸದ್ದು 125 ಕಿಲೋಹರ್ಟ್ಸ್ ಆಸುಪಾಸಿನ ಕಿರಿದಾದ ಪಟ್ಟಿಯಲ್ಲಿರುತ್ತದೆ. ತಿಮಿಂಗಿಲ ಬೇಟೆಗಾರನಾದ ಓರ್ಕಾದ ಕಿವಿ ಸುಮಾರು 100 ಕಿಲೋಹರ್ಟ್ಸ್ ಮೇಲೆ ಮಂದವಾಗುತ್ತದೆ. ಶತ್ರುವಿಗೆ ಕೇಳಿಸದಂತೆ ಮಾತಾಡುವ ಈ ಗುಣ ಬೇರೆ ಬೇರೆ ಮನೆತನಗಳಲ್ಲಿ ಪ್ರತ್ಯೇಕವಾಗಿ ಬೆಳೆದಿರಬೇಕೆಂಬ ವಾದ ನನಗೆ ಒಪ್ಪಿಗೆಯಾಗುತ್ತದೆ. ಓಡಿ ಗೆಲ್ಲಲಾಗದ ಚಿಕ್ಕ ಜೀವಿಗೆ ಅಡಗುವುದೇ ದಾರಿ.

ಈಗ ಒಳನಾಡಿನ ಮಿಜಾರಿನಿಂದ ಹೊಳೆಯ ಜಾಡು ಹಿಡಿದು ನಮ್ಮ ಕಡಲಿಗೆ ಬರೋಣ. ಮಿಜಾರು ಮೂಡುಬಿದಿರೆ ತಾಲ್ಲೂಕಿನ ಊರು. ಮಂಗಳೂರು, ಮೂಡುಬಿದಿರೆ, ಕಾರ್ಕಳಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 169ರ ಮೇಲಿದೆ. ಈ ಊರು ಕಡಲಿನಿಂದ ಇಪ್ಪತ್ತು ಕಿಲೋಮೀಟರಿನಷ್ಟು ಒಳಗಿದೆ. ಇಲ್ಲಿ ಕಡಲು ಕಾಣುವುದಿಲ್ಲ, ಆದರೆ ಕಡಲಿನ ಮೀನು ಬರುತ್ತದೆ: ಬೂತಾಯಿ, ಬಂಗುಡೆ, ಎಟ್ಟಿ (ಸಿಗಡಿ), ಬೊಂಡಾಸ್, ನಂಗ್. ಊರಿನ ದಕ್ಷಿಣಕ್ಕೆ ಹರಿಯುವ ಫಲ್ಗುಣಿ ವೇಣೂರು, ಪೊಳಲಿ, ಗುರುಪುರಗಳನ್ನು ದಾಟಿ, ಕೂಳೂರಿನ ಸೇತುವೆಗಳಡಿ ನುಸುಳಿ, ಬೆಂಗ್ರೆಯ ಅಳಿವೆಬಾಗಿಲಿನಲ್ಲಿ ನೇತ್ರಾವತಿಯೊಂದಿಗೆ ಅರಬ್ಬಿ ಸಮುದ್ರ ಸೇರುತ್ತದೆ. ಗದ್ದೆ ತೋಟಗಳ ಮಣ್ಣು ಮಳೆಗಾಲದಲ್ಲಿ ಹೊಳೆಯೊಂದಿಗೆ ಅಲ್ಲಿಗೆ ಹೋಗಿ ಕಡಲನ್ನು ಕೆಂಪಾಗಿಸುತ್ತದೆ. ಇಂಥ ಅಳಿವೆಯ ಆಸುಪಾಸಿನ, ಮರಳು ಕೆಸರಿನ ತಳದ ಆಳವಿಲ್ಲದ ನೀರೇ ನಮ್ಮ ತೀರದ, ಬೆನ್ನುರೆಕ್ಕೆಯಿಲ್ಲದ ಕಡಲಹಂದಿಗೆ ಇಷ್ಟವಾದ ನೆಲೆ. ಅದು ತಿನ್ನುವುದು ಎಟ್ಟಿ, ಬೊಂಡಾಸ್, ಸಣ್ಣ ಮೀನು. ಮಿಜಾರಿನವರ ಊಟದ ಬಟ್ಟಲಿಗೆ ಬರುವುದೂ ಅವೇ.

ಈ ಪ್ರಾಣಿಯ ವೈಜ್ಞಾನಿಕ ಹೆಸರು ನಿಯೋಫೋಸೀನಾ ಫೋಸಿನಾಯ್ಡಿಸ್. ಪರ್ಷಿಯನ್ ಕೊಲ್ಲಿಯಿಂದ ಭಾರತದ ಎರಡೂ ತೀರಗಳನ್ನು ಬಳಸಿ ಆಗ್ನೇಯ ಏಷ್ಯಾ, ತೈವಾನ್‌ವರೆಗೆ ಇದರ ಹರವು. ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕುವಿಯೆ 1829ರಲ್ಲಿ ಇದನ್ನು ಮೊದಲು ವರ್ಣಿಸಿದಾಗ ಮೂಲ ನೆಲೆ ಆಫ್ರಿಕಾದ ಗುಡ್‌ಹೋಪ್ ಭೂಶಿರವೆಂದು ದಾಖಲಾಯಿತು. ಆಮೇಲೆ ಆಫ್ರಿಕಾದ ಆ ತುದಿಯಲ್ಲಿ ಇದು ಎಂದೂ ಕಂಡುಬರಲಿಲ್ಲ. ಹಡಗಿನಲ್ಲಿ ಬಂದ ಆ ಮಾದರಿ ಮಲಬಾರ್ ಕರಾವಳಿಯದೇ ಇರಬೇಕೆಂಬುದು ಇಂದಿನ ಅಭಿಪ್ರಾಯ. ಅಂದರೆ ವಿಜ್ಞಾನಕ್ಕೆ ಪರಿಚಯವಾದ ಈ ಪ್ರಭೇದದ ಮೊದಲ ಕಡಲಹಂದಿ ಮಂಗಳೂರಿನಿಂದ ದಕ್ಷಿಣಕ್ಕೆ ಶುರುವಾಗುವ ತೀರದ್ದೇ ಆಗಿರುವ ಸಾಧ್ಯತೆ ದೊಡ್ಡದು.

ಬೆಳೆದ ಪ್ರಾಣಿ ಹೆಚ್ಚೆಂದರೆ 1.7 ಮೀಟರ್, ನಮ್ಮ ಕಡೆ ಸಿಗುವವು ಇದಕ್ಕಿಂತ ಚಿಕ್ಕವು. ಹನ್ನೊಂದು ತಿಂಗಳಷ್ಟು ಬಸಿರು, ಒಂದು ಸೂಲಿಗೆ ಒಂದೇ ಮರಿ. ಹುಟ್ಟಿದ ಮರಿಯ ಉದ್ದ 75ರಿಂದ 85 ಸೆಂಟಿಮೀಟರ್. ಬದುಕಿರುವಾಗ ಬಣ್ಣ ಬೂದು, ಸತ್ತ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ. ಹಳೆಯ ಪುಸ್ತಕಗಳು ಇದನ್ನು ಕರಿ ಕಡಲಹಂದಿ ಎಂದು ಕರೆದಿರುವುದಕ್ಕೆ ಇದೇ ಕಾರಣ: ಬರೆದವರು ಸತ್ತದ್ದನ್ನೇ ನೋಡಿದ್ದರು. ಬೆನ್ನಿನ ಮೇಲೆ ರೆಕ್ಕೆಯ ಬದಲು ಒಂದು ಪಟ್ಟಿಯಿದೆ. ಮುಟ್ಟಿದರೆ ಬೆರಳಿಗೆ ಒರಟಾಗಿ ತಾಗುವಂತೆ ಸಾಲುಸಾಲಾಗಿ ಸಣ್ಣ ಗಂಟುಗಳು ಈ ಪಟ್ಟಿಯ ತುಂಬ ಎದ್ದಿರುತ್ತವೆ. ನಮ್ಮ ಪ್ರಭೇದದಲ್ಲಿ ಗಂಟುಗಳ ಸಾಲು ಹತ್ತರಿಂದ ಇಪ್ಪತ್ತೈದು, ಪಟ್ಟಿ ಮೂರೂವರೆಯಿಂದ ಹನ್ನೆರಡು ಸೆಂಟಿಮೀಟರ್ ಅಗಲ. ಚೀನಾ, ಜಪಾನ್, ಕೊರಿಯಾಗಳ ಪ್ರಭೇದದಲ್ಲಿ ಈ ಪಟ್ಟಿ ಒಂದು ಸೆಂಟಿಮೀಟರಿನಷ್ಟೇ. ಎರಡನ್ನೂ ಬೇರೆ ಪ್ರಭೇದಗಳೆಂದು ಎಣಿಸುವುದಕ್ಕೆ ಇದು ಮುಖ್ಯ ಆಧಾರ. ದಡದಲ್ಲಿ ಕೊಳೆಯುತ್ತಿರುವ ದೇಹದಲ್ಲಿ ಮೇಲ್ಚರ್ಮ ಸುಲಿದುಹೋದರೆ ಗಂಟುಗಳು ಕಾಣಸಿಗುವುದಿಲ್ಲ. ಆಗ ಹಲ್ಲು ನೋಡಿಯೇ ಗುರುತಿಸಬೇಕು.

ಕಡಲಿನಲ್ಲಿ ಇದನ್ನು ನೋಡಲು ಅಲೆಯಿಲ್ಲದ ಬೆಳಗು ಬೇಕು. ಒಂಟಿಯಾಗಿಯೋ ಎರಡು ಮೂರರ ಗುಂಪಾಗಿಯೋ ಇರುತ್ತದೆ. ಬೆನ್ನು ಒಂದು ಕ್ಷಣ ಮೇಲೆದ್ದು ಹೊರಳಿ ಮುಳುಗುತ್ತದೆ, ಅಷ್ಟೆ. ಅದೇ ನೀರಿನಲ್ಲಿ ಸಂಚರಿಸುವ ಗೂನು ಡಾಲ್ಫಿನ್ ಎರಡೂವರೆ ಮೀಟರ್ ದಾಟುತ್ತದೆ, ಬೆನ್ನಿನ ಗೂನು ದೂರದಿಂದಲೇ ಕಾಣುತ್ತದೆ, ದೋಣಿಗಳ ಹಿಂದೆಯೂ ಬರುತ್ತದೆ. ಕಡಲಹಂದಿ ಎಂಜಿನ್ನಿನ ಸದ್ದು ಕೇಳಿದರೆ ದೂರ ಸರಿಯುತ್ತದೆ. ನಮ್ಮ ಬಡಗಣ ನೆರೆಯ ಮಹಾರಾಷ್ಟ್ರದ ಸಿಂಧುದುರ್ಗದ ತೀರದಲ್ಲಿ ಕೊಂಕಣ ಸಿಟೇಶಿಯನ್ ಸಂಶೋಧನಾ ತಂಡದವರು ದೋಣಿಯಲ್ಲಿ ಗೆರೆ ಹಿಡಿದು ಸಮೀಕ್ಷೆ ನಡೆಸಿ, ಮೀನುಗಾರರನ್ನು ಮಾತಾಡಿಸಿ ಈ ಎರಡು ಜೀವಿಗಳ ಬಗ್ಗೆ ಒಳ್ಳೆಯ ಕೆಲಸ ಮಾಡಿದ್ದಾರೆ. ಅಷ್ಟು ಶ್ರದ್ಧೆಯ ಸಮೀಕ್ಷೆ ನಮ್ಮ ಉಳ್ಳಾಲದಿಂದ ಕಾರವಾರದವರೆಗೂ ವರ್ಷ ವರ್ಷ ನಡೆಯಬೇಕು.

ಉಳಿದ ಕಡಲಹಂದಿಗಳನ್ನು ಚುಟುಕಾಗಿ ಹೇಳಬಹುದು. ಯುರೋಪು ಮತ್ತು ಉತ್ತರ ಅಮೆರಿಕದ ತಣ್ಣೀರಿನಲ್ಲಿ ಬಂದರು ಕಡಲಹಂದಿ, ಉತ್ತರ ಶಾಂತಸಾಗರದಲ್ಲಿ ವೇಗಕ್ಕೆ ಹೆಸರಾದ ಡಾಲ್ ಕಡಲಹಂದಿ, ದಕ್ಷಿಣ ಅಮೆರಿಕದ ತೀರದಲ್ಲಿ ಬರ್ಮೈಸ್ಟರ್ ಕಡಲಹಂದಿ, ಅಂಟಾರ್ಕ್ಟಿಕದ ಸುತ್ತಲಿನ ಕಡಲಿನಲ್ಲಿ ಕನ್ನಡಕದ ಕಡಲಹಂದಿ ಇವೆ. ವಾಕೀಟಾದ ವಿಚಾರ ಮಾತ್ರ ಬಿಡಿಸಿ ಹೇಳಬೇಕು.

ವಾಕೀಟಾ ಇರುವುದು ಜಗತ್ತಿನಲ್ಲಿ ಒಂದೇ ಕಡೆ, ಮೆಕ್ಸಿಕೊದ ಕ್ಯಾಲಿಫೋರ್ನಿಯಾ ಕೊಲ್ಲಿಯ ಮೇಲ್ತುದಿಯಲ್ಲಿ. ದಡದಲ್ಲಿ ಸಿಕ್ಕ ತಲೆಬುರುಡೆಗಳ ಆಧಾರದಲ್ಲಿ 1958ರಲ್ಲಿ ಅದಕ್ಕೆ ಹೆಸರಿಟ್ಟರು. ಕಣ್ಣಿನ ಸುತ್ತ ಕಪ್ಪು ಉಂಗುರ, ತುಟಿಯ ಮೇಲೆ ಕಪ್ಪು ಗುರುತು, ದೇಹಕ್ಕೆ ಮೀರಿದ ಎತ್ತರದ ಬೆನ್ನುರೆಕ್ಕೆ ಅದರ ಲಕ್ಷಣ. 1997ರಲ್ಲಿ ಅವು 567 ಇದ್ದವೆಂದು ಅಂದಾಜು. 2008ಕ್ಕೆ 245. 2015ಕ್ಕೆ ಸುಮಾರು 60. 2023ರ ಸಮೀಕ್ಷೆಯಲ್ಲಿ ಕಂಡದ್ದು ಹತ್ತು ಹದಿಮೂರು. ವಾಕೀಟಾವನ್ನು ಯಾರೂ ಬೇಟೆಯಾಡಲಿಲ್ಲ. ಅದೇ ನೀರಿನ ಟೊಟೊಆಬಾ ಎಂಬ ದೊಡ್ಡ ಮೀನಿನ ಗಾಳಿಚೀಲಕ್ಕೆ ಚೀನಾದಲ್ಲಿ ವಿಪರೀತ ಬೆಲೆ; ಅದಕ್ಕಾಗಿ ಕದ್ದು ಹಾಕಿದ ಬಲೆಗಳಲ್ಲಿ ಇವು ಸಿಕ್ಕಿ ಸತ್ತವು. ನಮ್ಮ ಪಶ್ಚಿಮ ತೀರದಲ್ಲಿ ಗಾಳಿಚೀಲಕ್ಕಾಗಿಯೇ ಲಕ್ಷಗಟ್ಟಲೆ ಬೆಲೆ ತರುವ ಘೋಲ್ ಕೂಡ ಟೊಟೊಆಬಾದ ಕುಟುಂಬದ ಮೀನೇ. 2017ರಲ್ಲಿ ಉಳಿದ ವಾಕೀಟಾಗಳನ್ನು ಹಿಡಿದು ಸುರಕ್ಷಿತ ಆವರಣದಲ್ಲಿ ಸಾಕಲು ಯತ್ನಿಸಿದರು. ಹಿಡಿದ ಹೆಣ್ಣೊಂದು ಆಘಾತದಿಂದ ಸತ್ತಿತು, ಯತ್ನ ಅಲ್ಲಿಗೇ ನಿಂತಿತು. ಒಳಸಂತಾನದಿಂದ ಅವು ಹೇಗೂ ಅಳಿಯುತ್ತವೆ ಎಂಬ ನಿರಾಶೆಯ ಮಾತಿಗೆ 2022ರ ಜೀನೋಮ್ ಅಧ್ಯಯನ ಉತ್ತರ ಕೊಟ್ಟಿದೆ: ಬಲೆಯ ಸಾವು ನಿಂತರೆ ಚೇತರಿಸಿಕೊಳ್ಳುವ ಶಕ್ತಿ ಅವಕ್ಕೆ ಇನ್ನೂ ಇದೆ.

ಅದು ಸಾಧ್ಯವೆಂಬುದಕ್ಕೆ ಯಾಂಗ್‌ಟ್ಸಿ ನದಿಯ ನಿದರ್ಶನವಿದೆ. ಬೆನ್ನುರೆಕ್ಕೆಯಿಲ್ಲದ ಕಡಲಹಂದಿಯ ಒಂದು ವಂಶ ಆ ನದಿಯ ಸಿಹಿನೀರಿನಲ್ಲೇ ಬದುಕುತ್ತದೆ. ಅದೇ ನದಿಯ ಬೈಜಿ ಡಾಲ್ಫಿನ್ 2006ರ ಸಮೀಕ್ಷೆಯಲ್ಲಿ ಒಂದೂ ಸಿಗದೆ ಕಣ್ಮರೆಯಾಯಿತು. ಕಡಲಹಂದಿಗಳೂ 2017ಕ್ಕೆ 1,012ಕ್ಕೆ ಇಳಿದಿದ್ದವು. 2021ರಿಂದ ಯಾಂಗ್‌ಟ್ಸಿಯಲ್ಲಿ ಹತ್ತು ವರ್ಷಗಳ ಮೀನುಗಾರಿಕೆ ನಿಷೇಧ ಜಾರಿಗೆ ಬಂತು; 2022ರ ಎಣಿಕೆ 1,249 ತೋರಿಸಿತು. ನಮ್ಮ ತೀರದಲ್ಲಿ ಹತ್ತು ವರ್ಷ ಮೀನುಗಾರಿಕೆ ನಿಲ್ಲಿಸುವ ಮಾತನ್ನು ಯಾರೂ ಆಡಬಾರದು. ಅದು ಮೊಗವೀರ, ಖಾರ್ವಿ ಮೀನುಗಾರರ ಮನೆಗಳ ಒಲೆ ಆರಿಸುವ ಮಾತು. ಆದರೆ ಬಲೆಯ ಒತ್ತಡ ಇಳಿದರೆ ಜೀವಿ ಬೇಗ ಸ್ಪಂದಿಸುತ್ತದೆ ಎಂಬುದನ್ನು ಈ ಅಂಕಿಗಳು ಸಾರಿ ಹೇಳುತ್ತವೆ.

ಬಲೆ ಕಡಲಹಂದಿಯನ್ನು ಕೊಲ್ಲುವ ಬಗೆ ಸರಳ. ಗಿಲ್‌ನೆಟ್, ಅಂದರೆ ನೀರಿನಲ್ಲಿ ಗೋಡೆಯಂತೆ ಇಳಿಬಿಡುವ ಬೀಡುಬಲೆಯ ನೈಲಾನ್ ದಾರ ಬಹಳ ತೆಳು. ಪ್ರಾಣಿ ಹೊರಡಿಸಿದ ಸದ್ದು ಆ ದಾರಕ್ಕೆ ತಾಗಿ ಮರಳುವುದು ತೀರ ಕ್ಷೀಣವಾಗಿ. ಮೀನಿನ ಬೆನ್ನುಹತ್ತಿದ ಕಡಲಹಂದಿ ಬಲೆಗೆ ಮುಖ ಕೊಟ್ಟರೆ ಉಸಿರಿಗೆ ಮೇಲೇಳಲಾಗದೆ ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ. ದಡದಿಂದ ಎಳೆಯುವ ರಂಪಣಿಯ ಕಾಲದಲ್ಲಿ ಬಲೆಯೊಳಗೆ ಸಿಕ್ಕ ಪ್ರಾಣಿಯನ್ನು ಕಣ್ಣಾರೆ ಕಂಡು ಬಿಡಿಸಲು ಅವಕಾಶವಿತ್ತು. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದು ರಂಪಣಿ ಹಿಂದೆ ಸರಿಯಿತು. ಇಂದು ಗಿಲ್‌ನೆಟ್, ಟ್ರಾಲ್, ಪರ್ಸೀನ್ ಎಲ್ಲವೂ ಕಡಲಹಂದಿಯ ನೀರಿನಲ್ಲೇ ಕೆಲಸ ಮಾಡುತ್ತಿವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಇರುವ ರಜೆ ಮೀನಿನ ಸಂತಾನಕ್ಕೆಂದು ಮಾಡಿದ್ದು; ಕಡಲಹಂದಿಗೂ ಅದರಿಂದ ಒಂದಿಷ್ಟು ಬಿಡುವು ಸಿಗುತ್ತದೆ.

ಕಾನೂನು ಕಟ್ಟುನಿಟ್ಟಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪರಿಚ್ಛೇದದಲ್ಲಿ, ಹುಲಿ ಆನೆಗಳ ಸಾಲಿನಲ್ಲೇ, ಈ ಕಡಲಹಂದಿಯಿದೆ. ಅಂತರರಾಷ್ಟ್ರೀಯ ಕೆಂಪುಪಟ್ಟಿ ಇದನ್ನು ಅಪಾಯಕ್ಕೆ ಈಡಾಗಬಲ್ಲ (ವಲ್ನರಬಲ್) ಪ್ರಭೇದವೆಂದು ಗುರುತಿಸಿದೆ. ಆದರೆ ಕಾನೂನಿನ ಭಯವೇ ಒಂದು ತೊಡಕಾಗಿದೆ. ಬಲೆಯಲ್ಲಿ ಸತ್ತದ್ದನ್ನು ದಕ್ಕೆಗೆ ತಂದರೆ ಕೇಸಾಗಬಹುದೆಂದು ಅಲ್ಲೇ ನೀರಿಗೆ ಹಾಕಿ ಬರುವುದು ಸಹಜ. ಹೀಗೆ ಸಾವುಗಳು ಲೆಕ್ಕಕ್ಕೇ ಸಿಗುವುದಿಲ್ಲ. ಬೇಕೆಂದು ಹಿಡಿದವನನ್ನೂ ಆಕಸ್ಮಿಕವಾಗಿ ಸಿಕ್ಕಿದ್ದನ್ನು ತಿಳಿಸುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗದೆ, ತಿಳಿಸಿದವನಿಗೆ ತೊಂದರೆಯಾಗದ ವ್ಯವಸ್ಥೆ ಮಾಡಿದರೆ ಅರ್ಧ ಕೆಲಸವಾದಂತೆ.

ಇದೀಗ ಮಾರುಕಟ್ಟೆಯಿಂದಲೂ ಒತ್ತಡ ಬಂದಿದೆ. ಅಮೆರಿಕ ತನ್ನ ಕಡಲ ಸಸ್ತನಿ ಸಂರಕ್ಷಣಾ ಕಾಯ್ದೆಯಡಿ 2016ರಲ್ಲಿ ತಂದ ನಿಯಮದಂತೆ, ಆ ದೇಶಕ್ಕೆ ಮೀನು ಸಿಗಡಿ ಮಾರುವ ರಾಷ್ಟ್ರಗಳು ಬಲೆಗಳಲ್ಲಿ ಸಾಯುವ ತಿಮಿಂಗಿಲ, ಡಾಲ್ಫಿನ್‌ಗಳ ಲೆಕ್ಕವಿಟ್ಟು ತಗ್ಗಿಸುವ ಕ್ರಮ ತೋರಿಸಬೇಕು. ಇದರಿಂದಾಗಿ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೂ ಭಾರತೀಯ ಮೀನುಗಾರಿಕಾ ಸರ್ವೇಕ್ಷಣಾ ಸಂಸ್ಥೆಯೂ ಕಡಲ ಸಸ್ತನಿಗಳ ಎಣಿಕೆಗೆ ಇಳಿದಿವೆ. ಬಲೆಗೆ ಕಟ್ಟುವ, ಆಗಾಗ ಸದ್ದು ಮಾಡಿ ಪ್ರಾಣಿಯನ್ನು ಎಚ್ಚರಿಸುವ ಪಿಂಗರ್ ಎಂಬ ಸಾಧನ ಅಮೆರಿಕದ ಮೇನ್ ಕೊಲ್ಲಿಯಲ್ಲಿ ಬಂದರು ಕಡಲಹಂದಿಗಳ ಸಾವನ್ನು ಹತ್ತರಲ್ಲಿ ಒಂಬತ್ತು ಪಾಲು ತಗ್ಗಿಸಿತೆಂದು 1997ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತ್ತು. ಸಾಧನಕ್ಕೆ ಹಣ ಬೇಕು, ಬ್ಯಾಟರಿ ಬದಲಿಸಬೇಕು. ಈ ಖರ್ಚನ್ನು ನಾಡದೋಣಿಯವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಮಳೆಗಾಲದಲ್ಲಿ ಗಾಳಿ ದಡದತ್ತ ಬೀಸುವಾಗ ಸತ್ತ ಪ್ರಾಣಿಗಳು ಸಸಿಹಿತ್ಲು, ಪಣಂಬೂರು, ಸೋಮೇಶ್ವರದಂಥ ಮರಳದಂಡೆಗಳಿಗೆ ಬರುತ್ತವೆ. ಕಂಡವರು ಹೂಳುವ ಮೊದಲು ಅರಣ್ಯ ಇಲಾಖೆಗೆ ತಿಳಿಸಬೇಕು. ಮೂತಿಯ ತುದಿಯಿಂದ ಬಾಲದ ನಡುವಿನ ಸೀಳಿನವರೆಗೆ ನೇರ ಉದ್ದ, ಬೆನ್ನಿನ ಪಟ್ಟಿಯ ಅಗಲ, ಹಲ್ಲಿನ ಹತ್ತಿರದ ಫೋಟೊ, ಬಾಯಿ ಮತ್ತು ಕೈರೆಕ್ಕೆಯ ಬುಡದಲ್ಲಿ ಬಲೆದಾರ ಕೊರೆದ ಗೆರೆಗಳಿದ್ದರೆ ಅವುಗಳ ಫೋಟೊ, ದಿನಾಂಕ, ಜಾಗ, ಇಷ್ಟು ಸಿಕ್ಕರೆ ಆ ಸಾವು ದಾಖಲೆಯಾಗುತ್ತದೆ. ಬರಿಗೈಯಲ್ಲಿ ಮುಟ್ಟಬಾರದು, ಕೊಳೆತ ದೇಹದಿಂದ ಸೋಂಕು ತಗಲಬಹುದು. ಜೀವವಿದ್ದರೆ ಬಾಲ ಹಿಡಿದು ಎಳೆಯಬಾರದು. ತಲೆಯ ಮೇಲಿನ ಉಸಿರುರಂಧ್ರವನ್ನು ಮುಚ್ಚದೆ, ಅದಕ್ಕೆ ನೀರು ಹೋಗದಂತೆ ಮೈಗೆ ಒದ್ದೆ ಬಟ್ಟೆ ಹೊದಿಸಿ, ನೆರಳು ಮಾಡಿ, ಜನರನ್ನು ದೂರವಿಟ್ಟು ಪಶುವೈದ್ಯರು ಬರುವವರೆಗೆ ಕಾಯಬೇಕು.